ಮರ ಕಡೆಯುವ ಲೇತು: ಕೊಳ್ಳುವುದು, ನಿಲ್ಲಿಸುವುದು

ಮೊಸರು ಕಡೆಯುವ ಕೋಲಿಗೆ ಕಡೆಗೋಲು ಎಂದು ಹೆಸರು. ಅದಕ್ಕೆ ಹಗ್ಗವನ್ನು ಸುತ್ತಿ ಎರಡು ತುದಿಗಳನ್ನು ಒಂದಾದ ಮೇಲೊಂದರಂತೆ ಎಳೆದರೆ ಕೋಲು ಒಮ್ಮೆ ಬಲಕ್ಕೂ ಒಮ್ಮೆ ಎಡಕ್ಕೂ ತಿರುಗುತ್ತದೆ. ಮರವನ್ನು ತಿರುಗಿಸುತ್ತ ಉಳಿಯಿಂದ ದುಂಡಗೆ ಮಾಡುವುದಕ್ಕೂ ಕನ್ನಡದಲ್ಲಿ ‘ಕಡೆ’ ಎಂಬುದೇ ಕ್ರಿಯಾಪದ. ಎರಡೂ ಕೆಲಸಗಳನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು. ಏಕೆಂದರೆ ಹಳೆಯ ಕಾಲದ ಲೇತೆಂದರೆ ಅಡ್ಡ ಮಲಗಿಸಿದ ಕಡೆಗೋಲೇ ಸರಿ. ಈಜಿಪ್ಟಿನಲ್ಲಿ ಪೆಟೊಸಿರಿಸ್ ಎಂಬ ಅರ್ಚಕನ ಸಮಾಧಿಯ ಗೋಡೆಯ ಮೇಲೆ, ಕ್ರಿಸ್ತಪೂರ್ವ 300ರ ಸುಮಾರಿಗೆ ಕೆತ್ತಿದ ಚಿತ್ರವೊಂದಿದೆ. ಅದರಲ್ಲಿ ಒಬ್ಬನು ಹಗ್ಗವನ್ನೆಳೆದು ಮರವನ್ನು ತಿರುಗಿಸುತ್ತಿದ್ದಾನೆ. ಇನ್ನೊಬ್ಬನು ಉಳಿಯನ್ನು ಹಿಡಿದಿದ್ದಾನೆ. ನಮ್ಮ ಚನ್ನಪಟ್ಟಣದ ಬೊಂಬೆಗಾರರು ಹಗ್ಗದ ಬದಲು ಬಿಲ್ಲಿನ ಹೆದೆಯನ್ನು ಸುತ್ತಿ, ಒಂದು ಕೈಯಿಂದ ಬಿಲ್ಲನ್ನು ಆಡಿಸುತ್ತ ಮತ್ತೊಂದು ಕೈಯಿಂದ ಉಳಿಯನ್ನು ನಡೆಸುತ್ತಿದ್ದರು.

ಈಗ ಹಗ್ಗ, ಬಿಲ್ಲುಗಳ ಸ್ಥಾನಕ್ಕೆ ವಿದ್ಯುತ್ ಮೋಟಾರು ಬಂದಿದೆ. ಮೇಜಿನ ಮೇಲೆ ಇಡಬಹುದಾದಷ್ಟು ಸಣ್ಣ ಲೇತುಗಳು ಸುಲಭವಾಗಿ ದೊರೆಯುತ್ತಿರುವುದರಿಂದ, ಬಟ್ಟಲು, ಬುಗುರಿ, ಲಟ್ಟಣಿಗೆಗಳನ್ನು ಮನೆಯಲ್ಲಿಯೇ ಕಡೆಯುವ ಹವ್ಯಾಸವೂ ಬೆಳೆಯುತ್ತಿದೆ. ಅಂಥ ಯಂತ್ರವನ್ನು ಕೊಳ್ಳುವಾಗ ಏನನ್ನು ನೋಡಬೇಕು, ಕೊಂಡ ಮೇಲೆ ಹೇಗೆ ನಿಲ್ಲಿಸಬೇಕು ಎಂಬುದನ್ನು ಭೌತಶಾಸ್ತ್ರದ ದೃಷ್ಟಿಯಿಂದ ವಿಚಾರಿಸುವುದು ಈ ಲೇಖನದ ಉದ್ದೇಶ. ಕೊಳ್ಳಹೋದವರೆಲ್ಲರೂ ಮೋಟಾರು ಎಷ್ಟು ಅಶ್ವಶಕ್ತಿಯದು, ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂದು ಕೇಳುತ್ತಾರೆ. ತಿರುಗದೆ ಇರಬೇಕಾದ ಭಾಗಗಳು ಎಷ್ಟರ ಮಟ್ಟಿಗೆ ಅಲುಗದೆ ನಿಲ್ಲುತ್ತವೆ ಎಂದು ಕೇಳುವವರು ವಿರಳ. ನಾವೂ ಕೇಳಿರಲಿಲ್ಲ.

ಲೇತಿನ ರಚನೆ ಸರಳವಾದುದು. ಉದ್ದನೆಯ ಬೆಡ್ಡಿನ ಎಡ ತುದಿಯಲ್ಲಿ ಹೆಡ್‌ಸ್ಟಾಕ್ ಎಂಬ ಗೂಡು. ಅದರೊಳಗೆ ಬೇರಿಂಗುಗಳ ಮೇಲೆ ತಿರುಗುವ ಸ್ಪಿಂಡಲ್ ಎಂಬ ಟೊಳ್ಳು ದಂಡ. ಮೋಟಾರಿನಿಂದ ಈ ದಂಡಕ್ಕೆ ಬೆಲ್ಟಿನ ಮೂಲಕ ಚಲನೆ ಬರುತ್ತದೆ. ಬಲ ತುದಿಯಲ್ಲಿ, ಹಿಂದಕ್ಕೂ ಮುಂದಕ್ಕೂ ಜಾರಿಸಬಹುದಾದ ಟೇಲ್‌ಸ್ಟಾಕ್. ಉದ್ದನೆಯ ಕೋಲಾದರೆ ಇವೆರಡರ ಮೊನೆಗಳ ನಡುವೆ ಸಿಕ್ಕಿಸುತ್ತೇವೆ. ಬಟ್ಟಲಿನ ದಿಮ್ಮಿಯಾದರೆ ಫೇಸ್ ಪ್ಲೇಟು ಎಂಬ ಲೋಹದ ತಟ್ಟೆಗೆ ತಿರುಪುಗಳಿಂದ ಬಿಗಿದು, ಆ ತಟ್ಟೆಯನ್ನು ಸ್ಪಿಂಡಲಿಗೆ ತಿರುಚಿ ಕೂರಿಸುತ್ತೇವೆ. ಕೆಲಸಗಾರನ ಮುಂದೆ ಉಳಿಗೆ ಆಸರೆಯಾಗಿ ಟೂಲ್ ರೆಸ್ಟ್ ಎಂಬ ಅಡ್ಡಪಟ್ಟಿ ಇರುತ್ತದೆ. ಮರದ ಮೇಲ್ಭಾಗವು ಯಾವಾಗಲೂ ಕೆಲಸಗಾರನ ಕಡೆಗೆ ತಿರುಗಿ, ಉಳಿಯ ಮೇಲೆ ಇಳಿದುಬರುತ್ತದೆ. ಈ ದಿಕ್ಕನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರಿಂದ ಪ್ರಯೋಜನವಿದೆ.

ನಮ್ಮ ಲೇತು ಮನೆಗೆ ಬಂದ ದಿನವೇ ನಡೆದ ಸಂಗತಿಯನ್ನು ಹೇಳುತ್ತೇವೆ. ಯಂತ್ರದ ತೂಕ 40 ಕಿಲೋಗ್ರಾಂ. ಆಂಗಲ್ ಕಬ್ಬಿಣದ ಒಂದು ಸ್ಟ್ಯಾಂಡಿನ ಮೇಲೆ ಅದನ್ನು ಕೂರಿಸಿ, ಹಿತ್ತಿಲಿನ ಕೊಠಡಿಯ ಕಲ್ಲುಹಾಸಿನ ಮೇಲೆ ನಿಲ್ಲಿಸಿದೆವು. ಒಂದು ಕಾಲು ನೆಲಕ್ಕೆ ಪೂರ್ತಿ ತಾಗುತ್ತಿರಲಿಲ್ಲ. ಅದಕ್ಕೊಂದು ರಟ್ಟಿನ ಚೂರನ್ನು ಕೊಟ್ಟದ್ದಾಯಿತು. ಮಾವಿನ ಮರದ ದಿಮ್ಮಿಯೊಂದನ್ನು ಸುಮಾರಾಗಿ ದುಂಡಗೆ ಕೊಯ್ದು, 25 ಸೆಂಟಿಮೀಟರು ವ್ಯಾಸ, 6 ಸೆಂಟಿಮೀಟರು ದಪ್ಪವಿದ್ದ ಅದನ್ನು ನಾಲ್ಕು ಗಿಡ್ಡ ತಿರುಪುಗಳಿಂದ ಫೇಸ್ ಪ್ಲೇಟಿಗೆ ಬಿಗಿದೆವು. ಬೆಲ್ಟು ಯಾವ ರಾಟೆಯ ಮೇಲಿದೆ ಎಂದು ಮುಚ್ಚಳ ತೆಗೆದು ನೋಡಲಿಲ್ಲ. ಅದು ನಿಮಿಷಕ್ಕೆ 1,800 ಸುತ್ತು ಕೊಡುವ ಮೆಟ್ಟಿಲಿನ ಮೇಲಿತ್ತು. ಸ್ವಿಚ್ಚನ್ನು ಒತ್ತಿದೊಡನೆ ಇಡೀ ಯಂತ್ರ ಗುಡುಗುತ್ತ ನೆಲದ ಮೇಲೆ ಜರುಗತೊಡಗಿತು. ನಾವು ಎಡಕ್ಕೆ ಬಾಗಿ ಸ್ವಿಚ್ಚಿಗೆ ಕೈ ಚಾಚುವಷ್ಟರಲ್ಲಿ ದಿಮ್ಮಿ ಕಳಚಿ ಬೆಡ್ಡಿನ ಮೇಲೆ ಬಿದ್ದು, ಅಲ್ಲಿಂದ ಚಿಮ್ಮಿ, ನಮ್ಮ ಬಲ ತೊಡೆಯ ಪಕ್ಕದಲ್ಲಿ ಹಾದು, ಹಿಂದಿನ ಬಾಗಿಲಿನ ಕೆಳಹಲಗೆಯನ್ನು ಸೀಳಿತು. ಹೊಸ ಯಂತ್ರವನ್ನು ನೋಡಬೇಕೆಂದು ನಮ್ಮ ಮಗಳು ಆ ಬಾಗಿಲಿನಲ್ಲಿಯೇ ನಿಂತಿದ್ದಳು. ತಾಯಿ ಕರೆದದ್ದರಿಂದ ಆಗತಾನೆ ಒಳಗೆ ಹೋಗಿದ್ದಳು. ವರ್ತುಲ ಚಲನೆಯ ಸೂತ್ರವನ್ನು ವರ್ಷವರ್ಷವೂ ಕರಿಹಲಗೆಯ ಮೇಲೆ ಬರೆಯುವವರು ನಾವು. ಆ ಸೂತ್ರದಲ್ಲಿ ನಮ್ಮ ಕೊಠಡಿಯ ಸಂಖ್ಯೆಗಳನ್ನು ಹಾಕಿ ನೋಡಿದ್ದು ಮಾತ್ರ ಅಂದಿನ ರಾತ್ರಿ.

ಆ ಲೆಕ್ಕ ಹೀಗಿದೆ. ದಿಮ್ಮಿಯ ದ್ರವ್ಯರಾಶಿ ಸುಮಾರು 2 ಕಿಲೋಗ್ರಾಂ. ಒರಟಾಗಿ ಕೊಯ್ದ ಮರದ ಒಂದು ಪಕ್ಕ ಇನ್ನೊಂದಕ್ಕಿಂತ ಅಗಲವಾಗಿರಬಹುದು, ಹೆಚ್ಚು ಹಸಿಯಾಗಿರಬಹುದು. ಹೀಗಾಗಿ ಅದರ ಗುರುತ್ವಕೇಂದ್ರ ತಿರುಗುವ ಅಕ್ಷದಿಂದ 5 ಮಿಲಿಮೀಟರು ಪಕ್ಕಕ್ಕಿದೆ ಎಂದಿಟ್ಟುಕೊಳ್ಳೋಣ. ಆ ಕೇಂದ್ರವನ್ನು ವರ್ತುಲದಲ್ಲಿ ಹಿಡಿದಿಡಲು ಬೇಕಾದ ಬಲವು ದ್ರವ್ಯರಾಶಿ, ತ್ರಿಜ್ಯ ಮತ್ತು ಕೋನೀಯ ವೇಗದ ವರ್ಗ, ಈ ಮೂರರ ಗುಣಲಬ್ಧ. ನಿಮಿಷಕ್ಕೆ 600 ಸುತ್ತಾದರೆ ಬಲವು ಸುಮಾರು 40 ನ್ಯೂಟನ್. ಎಂದರೆ 4 ಕಿಲೋಗ್ರಾಂ ತೂಕದಷ್ಟು. 1,200 ಸುತ್ತಾದರೆ ಅದು ಎರಡರಷ್ಟಲ್ಲ, ನಾಲ್ಕರಷ್ಟು: 16 ಕಿಲೋಗ್ರಾಂ. 1,800 ಸುತ್ತಿಗೆ ಒಂಬತ್ತರಷ್ಟು: 36 ಕಿಲೋಗ್ರಾಂ. ಯಂತ್ರದ ತೂಕವೇ 40 ಕಿಲೋಗ್ರಾಂ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಈ ಬಲದ ದಿಕ್ಕು ಮರದೊಡನೆ ಸುತ್ತುತ್ತದೆ. ಆದುದರಿಂದ ಸೆಕೆಂಡಿಗೆ 30 ಸಾರಿ ಯಂತ್ರವನ್ನು ಯಾರೋ ಹೆಚ್ಚುಕಡಮೆ ಅದರ ತೂಕದಷ್ಟೇ ಬಲದಿಂದ ಮೇಲಕ್ಕೆತ್ತಿ, ಹಿಂದಕ್ಕೆ ತಳ್ಳಿ, ಕೆಳಕ್ಕೊತ್ತಿ, ಮುಂದಕ್ಕೆಳೆದಂತೆ ಆಗುತ್ತಿತ್ತು. ಅದು ನಡೆಯತೊಡಗಿದ್ದರಲ್ಲಿ ಸೋಜಿಗವೇನಿದೆ?

ದಿಮ್ಮಿ ನಮ್ಮ ಕಡೆಗೇ ಏಕೆ ಬಂದಿತು ಎಂಬುದು ಇನ್ನೊಂದು ಪ್ರಶ್ನೆ. ಅದರ ಅಂಚಿನ ವೇಗ ಸೆಕೆಂಡಿಗೆ 23.5 ಮೀಟರು, ಗಂಟೆಗೆ 85 ಕಿಲೋಮೀಟರು. ಅಂಚಿನಿಂದ ಒಂದು ಸಿಬಿರು ಎದ್ದರೆ ಅದು ಸ್ಪರ್ಶರೇಖೆಯ ದಿಕ್ಕಿನಲ್ಲಿ ಅದೇ ವೇಗದಿಂದ ಹಾರುತ್ತದೆ. ಇಡೀ ದಿಮ್ಮಿಯೇ ಕಳಚಿದಾಗ ಮಾತ್ರ ಹಾಗಲ್ಲ. ಅದರ ಕೇಂದ್ರಕ್ಕೆ ಆಗ ಇರುವ ವೇಗ ಬಹಳ ಸ್ವಲ್ಪ. ಅದು ಬುಗುರಿಯಂತೆ ತಿರುಗುತ್ತ ಕೆಳಗೆ ಬೀಳುತ್ತದೆ, ಅಷ್ಟೆ. ಬೆಡ್ಡಿಗೋ ನೆಲಕ್ಕೋ ತಾಗಿದ ಕ್ಷಣದಲ್ಲಿ ಅದು ಚಕ್ರವಾಗುತ್ತದೆ. ಮೇಲ್ಭಾಗ ಕೆಲಸಗಾರನ ಕಡೆಗೆ ತಿರುಗುತ್ತಿರುವ ಚಕ್ರ ಯಾವ ಕಡೆಗೆ ಉರುಳಬೇಕು? ಕೆಲಸಗಾರನ ಕಡೆಗೇ. ಘರ್ಷಣೆಯಿಂದ ಜಾರುವಿಕೆ ನಿಂತು ಉರುಳುವಿಕೆ ಪ್ರಾರಂಭವಾಗುವಾಗ, ಒಂದೇ ದಪ್ಪದ ತಟ್ಟೆಯ ಕೇಂದ್ರದ ವೇಗವು ಮೊದಲಿನ ಅಂಚಿನ ವೇಗದ ಮೂರನೆಯ ಒಂದು ಪಾಲಾಗುತ್ತದೆ. ಕಾಲೇಜಿನ ವಿದ್ಯಾರ್ಥಿಗಳು ಇದನ್ನು ತಾವೇ ಸಾಧಿಸಿ ನೋಡಬಹುದು. ಜಡತ್ವದ ಮಹತ್ತ್ವವು ದ್ರವ್ಯರಾಶಿ ಮತ್ತು ತ್ರಿಜ್ಯದ ವರ್ಗದ ಗುಣಲಬ್ಧದ ಅರ್ಧವೆಂದು ತೆಗೆದುಕೊಂಡರೆ ನಾಲ್ಕು ಸಾಲಿನ ಲೆಕ್ಕ. ನಮ್ಮ ದಿಮ್ಮಿಗೆ ಅದು ಗಂಟೆಗೆ 28 ಕಿಲೋಮೀಟರು. ತಿರುಗುವಾಗ ಅದರಲ್ಲಿ ಅಡಗಿದ್ದ ಶಕ್ತಿಯಾದರೋ ಸುಮಾರು 280 ಜೂಲ್. ಅದೇ ದಿಮ್ಮಿಯನ್ನು 14 ಮೀಟರು ಎತ್ತರದಿಂದ ಕೆಳಗೆ ಬಿಟ್ಟರೆ ಬರುವಷ್ಟು.

ಇದರಿಂದ ಎರಡು ಕಟ್ಟಳೆಗಳು ಹೊರಡುತ್ತವೆ. ಮೊದಲನೆಯದು ವೇಗದ ವಿಷಯ. ಮರ ಕಡೆಯುವವರಲ್ಲಿ ಒಂದು ಅಂದಾಜು ರೂಢಿಯಲ್ಲಿದೆ: ವ್ಯಾಸವನ್ನು ಅಂಗುಲಗಳಲ್ಲಿ ಅಳೆದು ನಿಮಿಷದ ಸುತ್ತುಗಳಿಂದ ಗುಣಿಸಿದರೆ ಬರುವ ಸಂಖ್ಯೆ 6,000ಕ್ಕೂ 9,000ಕ್ಕೂ ನಡುವೆ ಇರಬೇಕು. ಅಂಚಿನ ವೇಗ ಸೆಕೆಂಡಿಗೆ 8ರಿಂದ 12 ಮೀಟರು ಇರಬೇಕೆಂಬುದೇ ಇದರ ಅರ್ಥ. ನಮ್ಮ ದಿಮ್ಮಿಗೆ 600ರಿಂದ 900 ಸುತ್ತು ಸರಿಹೋಗುತ್ತಿತ್ತು. ಅದೂ ದುಂಡಗಾದ ಮೇಲೆ. ಒರಟು ದಿಮ್ಮಿಯನ್ನು ಇದಕ್ಕೂ ಕಡಮೆ ವೇಗದಿಂದ ಪ್ರಾರಂಭಿಸತಕ್ಕದ್ದು. ಎರಡನೆಯದು ನಿಲ್ಲುವ ಜಾಗದ ವಿಷಯ. ಸಿಬಿರಾಗಲಿ ದಿಮ್ಮಿಯಾಗಲಿ ಹಾರುವುದು ಬಹುಮಟ್ಟಿಗೆ ಅಕ್ಷಕ್ಕೆ ಲಂಬವಾದ, ಮರವಿರುವ ಸಮತಲದಲ್ಲಿ. ಸ್ವಿಚ್ಚನ್ನು ಹಾಕುವಾಗ ನಾವು ಆ ಸಮತಲದಿಂದ ಹೊರಗಿರಬೇಕು. ನೋಡಲು ಬಂದವರೂ ಹೊರಗಿರಬೇಕು.

ಇನ್ನು ಕೊಳ್ಳುವ ವಿಚಾರ. ಅಂಗಡಿಯಲ್ಲಿ ಮೊದಲು ನೋಡಬೇಕಾದುದು ಬೆಡ್ಡು. ಬೀಡು ಕಬ್ಬಿಣದಿಂದ ಎರಕ ಹೊಯ್ದ ಬೆಡ್ಡನ್ನು ಆರಿಸಬೇಕೇ ಹೊರತು ತಗಡನ್ನು ಮಡಿಸಿ ಮಾಡಿದ್ದನ್ನಲ್ಲ, ಕೊಳವೆಗಳನ್ನು ಜೋಡಿಸಿದ್ದನ್ನೂ ಅಲ್ಲ. ಬೀಡಿನ ಒಳರಚನೆಯಲ್ಲಿ ಗ್ರಾಫೈಟಿನ ಸಣ್ಣ ಪದರಗಳು ಹರಡಿರುವುದರಿಂದ ಕಂಪನದ ಶಕ್ತಿಯನ್ನು ಅದು ತನ್ನಲ್ಲಿಯೇ ಶಾಖವಾಗಿ ಅಡಗಿಸಿಕೊಳ್ಳುತ್ತದೆ. ಉಕ್ಕಿನ ಸರಳನ್ನೂ ಬೀಡಿನ ತುಂಡನ್ನೂ ನೇತುಹಾಕಿ ಸುತ್ತಿಗೆಯಿಂದ ತಟ್ಟಿದರೆ ಉಕ್ಕು ಗಂಟೆಯಂತೆ ಮೊಳಗುತ್ತದೆ. ಬೀಡು ‘ಟಪ್’ ಎಂದು ಸುಮ್ಮನಾಗುತ್ತದೆ. ಲೇತಿಗೆ ಬೇಕಾದುದು ಈ ಸುಮ್ಮನಾಗುವ ಗುಣ. ಯಂತ್ರವನ್ನು ಸಾಗಿಸಲು ಕೂಲಿಯವನು ಗೊಣಗಿದಷ್ಟೂ ಯಂತ್ರ ಒಳ್ಳೆಯದೆಂದು ತಿಳಿಯಬಹುದು!

ಅನಂತರ ಮೋಟಾರು. ಇಲ್ಲಿ ಒಂದು ಸೂಕ್ಷ್ಮವಿದೆ. ನಿಮಿಷಕ್ಕೆ 1,440 ಸುತ್ತು ತಿರುಗುವ ಅರ್ಧ ಅಶ್ವಶಕ್ತಿಯ ಮೋಟಾರು ಸುಮಾರು 2.5 ನ್ಯೂಟನ್-ಮೀಟರಿನಷ್ಟು ತಿರುಚುಬಲವನ್ನು ಕೊಡುತ್ತದೆ. ಸಣ್ಣ ರಾಟೆಯಿಂದ ದೊಡ್ಡ ರಾಟೆಗೆ ಬೆಲ್ಟು ಹಾಕಿ ವೇಗವನ್ನು 480ಕ್ಕೆ ಇಳಿಸಿದರೆ ತಿರುಚುಬಲ ಮೂರರಷ್ಟಾಗುತ್ತದೆ; ಸನ್ನೆಕೋಲಿನ ನ್ಯಾಯವೇ ಇಲ್ಲಿಯೂ. 25 ಸೆಂಟಿಮೀಟರು ವ್ಯಾಸದ ಮರದ ಅಂಚಿನಲ್ಲಿ ಅದು ಉಳಿಯನ್ನು 6 ಕಿಲೋಗ್ರಾಂ ತೂಕದ ಬಲದಿಂದ ಎದುರಿಸಬಲ್ಲುದು. ಹಿಡಿಯನ್ನು ತಿರುಗಿಸಿ ವೇಗವನ್ನು ಬದಲಾಯಿಸುವ ವಿದ್ಯುನ್ಮಾನ ನಿಯಂತ್ರಣ ಈಗ ಸಾಮಾನ್ಯವಾಗಿದೆ. ಅದು ಬಹಳ ಅನುಕೂಲವಾದುದು, ಸಂದೇಹವಿಲ್ಲ. ಆದರೆ ಅದು ವೇಗವನ್ನು ತಗ್ಗಿಸಿದಾಗ ತಿರುಚುಬಲವನ್ನು ಹೆಚ್ಚಿಸುವುದಿಲ್ಲ. ಅದೇ ಮೋಟಾರನ್ನು ಹಾಗೆ 480ಕ್ಕೆ ಇಳಿಸಿದರೆ ಅಂಚಿನಲ್ಲಿ ದೊರೆಯುವುದು 2 ಕಿಲೋಗ್ರಾಮಿನಷ್ಟೇ. ಉಳಿ ತುಸು ಆಳಕ್ಕೆ ಹೋದರೆ ಮರ ನಿಂತುಬಿಡುತ್ತದೆ. ಆದಕಾರಣ ವಿದ್ಯುನ್ಮಾನ ನಿಯಂತ್ರಣದ ಜೊತೆಗೆ ಎರಡು ಮೂರು ಮೆಟ್ಟಿಲುಗಳ ರಾಟೆಯೂ ಇರುವ ಯಂತ್ರವನ್ನೇ ಆರಿಸಬೇಕು. ಅತ್ಯಂತ ಹೆಚ್ಚಿನ ವೇಗ ಎಷ್ಟೆಂದು ಮಾರುವವರು ಹೆಮ್ಮೆಯಿಂದ ಹೇಳುತ್ತಾರೆ. ಅತ್ಯಂತ ಕಡಮೆಯ ವೇಗ ಎಷ್ಟೆಂದು ನಾವಾಗಿಯೇ ಕೇಳಬೇಕು.

ಸ್ಪಿಂಡಲಿನ ತುದಿಯ ತಿರುಪಿನ ಸುತ್ತುಗಳ ಅಳತೆಯನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಕೆಲವು ಯಂತ್ರಗಳಲ್ಲಿ ಅದು 33 ಮಿಲಿಮೀಟರು ವ್ಯಾಸ, 3.5 ಮಿಲಿಮೀಟರು ಅಂತರ. ಕೆಲವುಗಳಲ್ಲಿ 1 ಅಂಗುಲ ವ್ಯಾಸ, ಅಂಗುಲಕ್ಕೆ 8 ಸುತ್ತು. ಒಂದಕ್ಕೆ ಮಾಡಿದ ಚಕ್ ಇನ್ನೊಂದಕ್ಕೆ ಹತ್ತುವುದಿಲ್ಲ. ಈ ಸುತ್ತುಗಳು ಬಲಮುರಿಯಾಗಿರುವುದರಿಂದ ಉಳಿಯ ಒತ್ತಡವು ಚಕ್ಕನ್ನು ಇನ್ನಷ್ಟು ಬಿಗಿಯುತ್ತದೆ. ಆದರೆ ಭಾರವಾದ ದಿಮ್ಮಿ ತಿರುಗುತ್ತಿರುವಾಗ ಸ್ಪಿಂಡಲನ್ನು ತಟ್ಟನೆ ನಿಲ್ಲಿಸಿದರೆ ದಿಮ್ಮಿಯ ಜಡತ್ವವೇ ಚಕ್ಕನ್ನು ಬಿಚ್ಚಿಬಿಡಬಹುದು. ಯಂತ್ರವನ್ನು ತಾನಾಗಿಯೇ ನಿಲ್ಲಲು ಬಿಡಬೇಕು. ಅಂಗೈಯಿಂದ ಹಿಡಿದು ನಿಲ್ಲಿಸುವ ದುರಭ್ಯಾಸವನ್ನಂತೂ ಮಾಡಿಕೊಳ್ಳಲೇಬಾರದು. ಉಳಿಗಳಿಗೆ, ಚಕ್ಕಿಗೆ, ಸಾಣೆ ಚಕ್ರಕ್ಕೆ ಹಣ ಬೇಕಾಗುತ್ತದೆ ಎಂಬುದನ್ನು ಹಲವರು ಮರೆಯುತ್ತಾರೆ. ಇವೆಲ್ಲಕ್ಕೆ ಕೊನೆಗೆ ಲೇತಿನಷ್ಟೇ ವೆಚ್ಚವಾದರೂ ಆಶ್ಚರ್ಯಪಡಬೇಕಾಗಿಲ್ಲ.

ಮನೆಗೆ ತಂದ ಮೇಲೆ ಮೊದಲ ಕೆಲಸ ಶುಚಿಗೊಳಿಸುವುದು. ತುಕ್ಕು ಹಿಡಿಯದಿರಲೆಂದು ಕಾರ್ಖಾನೆಯವರು ಎಲ್ಲೆಡೆಗೂ ಗ್ರೀಸನ್ನು ಬಳಿದಿರುತ್ತಾರೆ. ಮುಖ್ಯವಾಗಿ ಸ್ಪಿಂಡಲಿನ ಒಳಗಿನ ಶಂಕುವಿನಾಕಾರದ ರಂಧ್ರವನ್ನು ಬಟ್ಟೆಯಿಂದ ಚೆನ್ನಾಗಿ ಒರಸಬೇಕು. ಇದಕ್ಕೆ ಮೋರ್ಸ್ ಟೇಪರ್ ಎಂದು ಹೆಸರು. ಅಮೆರಿಕದ ಸ್ಟೀಫನ್ ಮೋರ್ಸ್ ಎಂಬಾತನು 1860ರ ದಶಕದಲ್ಲಿ ರೂಢಿಗೆ ತಂದದ್ದು. ಮೊನೆಯಿರುವ ಸೆಂಟರಿನ ಬಾಲವನ್ನು ಈ ರಂಧ್ರದೊಳಗೆ ತಳ್ಳಿದರೆ ಸಾಕು, ತಿರುಪಿಲ್ಲದೆ ಬೆಣೆಯಿಲ್ಲದೆ ಗಟ್ಟಿಯಾಗಿ ಕೂರುತ್ತದೆ. ಒಂದರೊಳಗೊಂದು ಇಟ್ಟ ಸ್ಟೀಲು ಲೋಟಗಳು ಸಿಕ್ಕಿಕೊಂಡು ಬಿಡಿಸಲು ಬಾರದಾಗುವುದನ್ನು ಅಡಿಗೆಮನೆಯಲ್ಲಿ ಎಲ್ಲರೂ ಕಂಡಿದ್ದೇವೆ. ಕಾರಣ ಎರಡೂ ಕಡೆ ಒಂದೇ. ಇಲ್ಲಿ 20 ಮಿಲಿಮೀಟರು ಉದ್ದಕ್ಕೆ ವ್ಯಾಸವು ಸುಮಾರು 1 ಮಿಲಿಮೀಟರು ಮಾತ್ರ ಕಿರಿದಾಗುತ್ತದೆ. ಎಂದರೆ ಪ್ರತಿ ಪಕ್ಕದ ಇಳಿಜಾರು ನಲವತ್ತಕ್ಕೆ ಒಂದು. ಘರ್ಷಣೆಯ ಗುಣಾಂಕವು ಈ ಇಳಿಜಾರಿಗಿಂತ ಹೆಚ್ಚಾಗಿರುವವರೆಗೆ ಬೆಣೆ ತಾನಾಗಿ ಹಿಂದಕ್ಕೆ ಜಾರಲಾರದು. ಶುಚಿಯಾದ ಉಕ್ಕಿನಲ್ಲಿ ಗುಣಾಂಕ ಇದರ ಹಲವು ಪಟ್ಟು ಇರುತ್ತದೆ. ಗ್ರೀಸು ಉಳಿದರೆ ಅದು ಕುಸಿಯುತ್ತದೆ. ಮರದ ಹುಡಿಯೊಂದು ಸಿಕ್ಕಿದರೆ ಸೆಂಟರು ಓರೆಯಾಗಿ ಕೂರುತ್ತದೆ.

ಈಗ ಟೇಲ್‌ಸ್ಟಾಕನ್ನು ಜಾರಿಸಿ ಎರಡು ಮೊನೆಗಳನ್ನೂ ಹತ್ತಿರ ತರಬೇಕು. ಅವು ಸೂಜಿಗೆ ಸೂಜಿ ಮುಟ್ಟಿದಂತೆ ಸಂಧಿಸಿದರೆ ಅಕ್ಷ ನೇರವಾಗಿದೆ. ಪಕ್ಕಕ್ಕೆ ಸರಿದಿದ್ದರೆ ಎಲ್ಲರೂ ಯಂತ್ರವನ್ನೇ ದೂರುತ್ತಾರೆ. ಎಷ್ಟೋ ವೇಳೆ ತಪ್ಪು ಸ್ಟ್ಯಾಂಡಿನದು. ಮೂರು ಬಿಂದುಗಳು ಒಂದು ಸಮತಲವನ್ನು ನಿರ್ಣಯಿಸುತ್ತವೆ; ನಾಲ್ಕನೆಯದು ಅದರಲ್ಲಿರಲೇಬೇಕೆಂಬ ನಿಯಮವಿಲ್ಲ. ನಾಲ್ಕು ಬೋಲ್ಟುಗಳಿಂದ ಲೇತನ್ನು ಓರೆಕೋರೆಯಾದ ಹಲಗೆಗೆ ಬಿಗಿದರೆ ಬೀಡಿನ ಬೆಡ್ಡು ಕೂಡ ಕೂದಲೆಳೆಯಷ್ಟು ತಿರುಚಿಕೊಳ್ಳುತ್ತದೆ. ಮೊನೆಗಳು ಬೇರೆಯಾಗಲು ಅಷ್ಟು ಸಾಕು. ಆದುದರಿಂದ ಬೋಲ್ಟುಗಳನ್ನು ಬಿಗಿಯುವುದಕ್ಕೆ ಮೊದಲು ರಸಮಟ್ಟವನ್ನು ಬೆಡ್ಡಿನ ಮೇಲೆ ಅಡ್ಡಲಾಗಿ, ಎರಡು ತುದಿಗಳಲ್ಲಿಯೂ ಇಟ್ಟು ನೋಡಿ, ಸಂದಿರುವ ಕಾಲಿನ ಕೆಳಗೆ ತೆಳು ತಗಡಿನ ಚೂರುಗಳನ್ನು ಕೊಡಬೇಕು. ರಟ್ಟು ಕೂಡದು, ಅದು ಕುಗ್ಗುತ್ತದೆ. ಸ್ಪಿಂಡಲಿನ ಅಕ್ಷವು ನಿಂತ ಕೆಲಸಗಾರನ ಮೊಣಕೈಯ ಮಟ್ಟಕ್ಕಿರಬೇಕು.

ಸ್ಟ್ಯಾಂಡಿನ ಅಡಿಯಲ್ಲಿ ಹಲಗೆ ಹಾಕಿ ಮರಳಿನ ಚೀಲಗಳನ್ನು ಹೇರುವ ಪದ್ಧತಿಯುಂಟು. ನೋಡಿದವರು ನಗುತ್ತಾರೆ, ಆದರೆ ಇದಕ್ಕಿಂತ ಅಗ್ಗದ ಉಪಾಯ ಬೇರಿಲ್ಲ. ಯಂತ್ರವು ಗಾಳಿಯಲ್ಲಿ ತೇಲುತ್ತಿದೆ ಎಂದು ಭಾವಿಸಿದರೆ ಮರವೂ ಯಂತ್ರವೂ ತಮ್ಮಿಬ್ಬರ ಸಮಾನ ಗುರುತ್ವಕೇಂದ್ರದ ಸುತ್ತ ಸುತ್ತಬೇಕು. ನಮ್ಮ 2 ಕಿಲೋಗ್ರಾಮಿನ ದಿಮ್ಮಿ, 5 ಮಿಲಿಮೀಟರಿನ ಓರೆ, 40 ಕಿಲೋಗ್ರಾಮಿನ ಲೇತು: ಯಂತ್ರದ ಅಲುಗಾಟ ಆಗ ಕಾಲು ಮಿಲಿಮೀಟರಿಗೆ ಹತ್ತಿರ. 60 ಕಿಲೋಗ್ರಾಂ ಮರಳನ್ನು ಸೇರಿಸಿದರೆ ಅದು ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಮರಳಿನ ಕಣಗಳು ಒಂದಕ್ಕೊಂದು ಉಜ್ಜಿ ಕಂಪನದ ಶಕ್ತಿಯನ್ನು ತಿಂದುಹಾಕುವುದು ಮೇಲಿನ ಲಾಭ. ವಾಸ್ತವದಲ್ಲಿ ಯಂತ್ರ ತೇಲುವುದಿಲ್ಲ. ಸ್ಟ್ಯಾಂಡಿನ ಕಾಲುಗಳು ಸ್ಪ್ರಿಂಗಿನಂತೆ ವರ್ತಿಸಿ ಅದಕ್ಕೆ ಒಂದು ಸಹಜ ಆವೃತ್ತಿಯನ್ನು ಕೊಡುತ್ತವೆ. ಮರದ ಸುತ್ತು ಆ ಆವೃತ್ತಿಗೆ ಹೊಂದಿದಾಗ ಅನುರಣನವಾಗಿ ಯಂತ್ರ ಹುಚ್ಚೆದ್ದು ನಡುಗುತ್ತದೆ. ವೇಗವನ್ನು ಮೆಲ್ಲಗೆ ಏರಿಸುತ್ತ ಹೋಗುವಾಗ ಇಂಥ ಘಟ್ಟ ಸಿಕ್ಕಿದರೆ ಅಲ್ಲಿ ನಿಲ್ಲದೆ ಕೆಳಗೆ ಇಳಿದು, ಮರವನ್ನು ಇನ್ನಷ್ಟು ದುಂಡಗೆ ಮಾಡಿ, ಅನಂತರ ಮುಂದುವರಿಯಬೇಕು. ಚನ್ನಪಟ್ಟಣದ ಹಳೆಯ ಕಸಬುದಾರರಿಗೆ ಈ ತೊಡಕೇ ಇರಲಿಲ್ಲ. ಅವರು ನೆಲದ ಮೇಲೆ ಕುಳಿತು, ನೆಲಕ್ಕೇ ನೆಟ್ಟ ಆಸರೆಗಳ ನಡುವೆ ಮರವನ್ನು ತಿರುಗಿಸುತ್ತಿದ್ದರು. ಅವರ ಲೇತಿನ ದ್ರವ್ಯರಾಶಿ ಭೂಮಿಯದೇ ಆಗಿತ್ತು.

ವಿದ್ಯುತ್ತಿನ ವಿಷಯದಲ್ಲಿ ಎರಡೇ ಮಾತು. ಭೂಸಂಪರ್ಕವಿರುವ ಮೂರು ಕಾಲಿನ ಪ್ಲಗ್ಗು ಕಡ್ಡಾಯ. ಸ್ವಿಚ್ಚು ಮರದ ಸಮತಲವನ್ನು ದಾಟದೆ ಕೈಗೆಟುಕುವ ಕಡೆ ಇರಬೇಕು. ಇಲ್ಲದಿದ್ದರೆ ಟೇಲ್‌ಸ್ಟಾಕಿನ ಬಳಿ ಇನ್ನೊಂದನ್ನು ಎಲೆಕ್ಟ್ರಿಷಿಯನ್ನರಿಂದ ಹಾಕಿಸಿಕೊಳ್ಳಬೇಕು. ಸಡಿಲವಾದ ತೋಳು, ಸೆರಗು, ಬಿಟ್ಟ ಜಡೆ, ಕೈಗವಸು ಇವು ಯಾವುವೂ ಲೇತಿನ ಹತ್ತಿರ ಸುಳಿಯಕೂಡದು. ತಿರುಗುವ ಮರ ದಾರದ ಉಂಡೆಯಂತೆ ಎಲ್ಲವನ್ನೂ ಸುತ್ತಿಕೊಳ್ಳುತ್ತದೆ. ಮುಖಕ್ಕೆ ಪಾರದರ್ಶಕವಾದ ಕವಚ ಬೇಕು, ಕನ್ನಡಕವಷ್ಟೇ ಸಾಲದು.

ನಮ್ಮ ಯಂತ್ರವನ್ನು ಈ ರೀತಿ ಎರಡನೆಯ ಸಾರಿ ನಿಲ್ಲಿಸುವುದಕ್ಕೆ ಮೂರು ಭಾನುವಾರಗಳು ಹಿಡಿದುವು. ಮುಗಿದ ಮೇಲೆ ಮರವನ್ನು ಹಾಕದೆ ಬರಿಯ ಸ್ಪಿಂಡಲನ್ನು ತಿರುಗಿಸಿ, ಹೆಡ್‌ಸ್ಟಾಕಿನ ನೆತ್ತಿಯ ಮೇಲೆ ಒಂದು ರೂಪಾಯಿಯ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿದೆವು. ಅದು 900 ಸುತ್ತಿನವರೆಗೆ ನಿಂತಿತ್ತು, ಮುಂದೆ ಬಿತ್ತು. ಬೆಲ್ಟಿನಲ್ಲಿ ಗಂಟಿನಂಥ ಉಬ್ಬೊಂದಿದ್ದುದು ಕಂಡುಬಂದು ಬೆಲ್ಟನ್ನು ಬದಲಾಯಿಸಿದಾಗ 1,500ರಲ್ಲಿಯೂ ನಿಂತಿತು.

ಮೊದಲ ಕೆಲಸಕ್ಕೆ ಬಟ್ಟಲನ್ನು ಆರಿಸಿಕೊಳ್ಳದಿರುವುದು ಲೇಸು. 4 ಸೆಂಟಿಮೀಟರು ದಪ್ಪದ, ಒಂದು ಮೊಳದೊಳಗಿನ ಹಾಲೆ ಮರದ ಕೋಲು ಸಾಕು. ಚನ್ನಪಟ್ಟಣದ ಬೊಂಬೆಗಳಿಗೆ ಬಳಸುವ, ನವುರಾದ ಎಳೆಯ ಬಿಳಿ ಮರವಿದು. ಎರಡು ಮೊನೆಗಳ ನಡುವೆ ಸಿಕ್ಕಿಸಿ, ಟೂಲ್ ರೆಸ್ಟನ್ನು ಮರಕ್ಕೆ ತಾಗದಷ್ಟು ಹತ್ತಿರಕ್ಕೆ ತಂದು, ಸ್ವಿಚ್ಚು ಹಾಕುವ ಮೊದಲು ಕೈಯಿಂದ ಒಂದು ಸುತ್ತು ತಿರುಗಿಸಿ ನೋಡಬೇಕು. ಇಷ್ಟು ಕಿರಿಯ ವ್ಯಾಸಕ್ಕೆ 1,200 ಸುತ್ತು ಹೆಚ್ಚಲ್ಲ. ದುಂಡಗಾಗಿ ನುಣುಪಾದ ಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿದರೆ, ಘರ್ಷಣೆಯ ಶಾಖಕ್ಕೆ ಅರಗು ಕರಗಿ ಮರಕ್ಕೆ ಅಂಟಿಕೊಳ್ಳುವುದನ್ನು ಕಣ್ಣಾರೆ ಕಾಣಬಹುದು. ಅರಗು ಹತ್ತದೆ ಪುಡಿಯಾಗಿ ಉದುರಿದರೆ ವೇಗವನ್ನು ತುಸು ಏರಿಸಬೇಕು. ಹೊಗೆ ಬಂದರೆ ಒತ್ತಡವನ್ನು ಕಡಮೆ ಮಾಡಬೇಕು.